ರಾಯರ ಕಾಲಿಗೆ ಯಾವ ಚಪ್ಪಲಿ?

ಶಾಲೆಯ ವಾರ್ಷಿಕೋತ್ಸವಕ್ಕೆ ಇನ್ನು ಮೂರು ವಾರ ಇತ್ತು. ಸಂಜೆ ಮನೆಗೆ ಬಂದು ಕಾಫಿ ಲೋಟ ಕೈಗೆತ್ತಿಕೊಂಡಿದ್ದೆ, ಗೇಟಿನ ಸದ್ದಾಯಿತು. ನಮ್ಮ ಸತ್ಯಮಂಗಲದವರೇ, ಒಬ್ಬ ವಿದ್ಯಾರ್ಥಿಯ ತಂದೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗಿಂದ ಒಂದು ಜೊತೆ ಜರತಾರಿ ಮೋಜಡಿ ತೆಗೆದು ಟೀಪಾಯಿಯ ಮೇಲಿಟ್ಟರು. ಥಳಥಳ ಹೊಳೆಯುತ್ತಿತ್ತು. ತುದಿ ಆನೆಯ ಸೊಂಡಿಲಿನಂತೆ ಮೇಲಕ್ಕೆ ಸುತ್ತಿಕೊಂಡಿತ್ತು.

"ಸಾರ್, ನಮ್ಮ ಹುಡುಗ ಕೃಷ್ಣದೇವರಾಯ ಅಲ್ವಾ? ಎಂಟುನೂರು ರೂಪಾಯಿ ಆಯ್ತು. ಸರಿಯಾಗಿದೆ ತಾನೇ?"

ನಾನು ವಿಜ್ಞಾನದ ಮೇಷ್ಟ್ರು. ನಾಟಕ ಆಡಿಸುವವರು ನಮ್ಮ ಸಮಾಜ ವಿಜ್ಞಾನದ ಮೇಡಂ. ಆದರೆ ಬಲ್ಬು, ವೈರು, ಗುಡುಗಿನ ಸದ್ದಿಗೆ ತಗಡು ಎಲ್ಲ ನನ್ನ ಪಾಲಿಗೆ ಬರುವುದರಿಂದ ವೇಷಭೂಷಣವೂ ಹೇಗೋ ನನ್ನ ತಲೆಗೇ ಬಂದಿತ್ತು. ಈ ಸಲ ಎರಡು ದೃಶ್ಯಗಳು. ಮೊದಲನೆಯದು 12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಪ್ರಸಂಗ. ಎರಡನೆಯದು 16ನೇ ಶತಮಾನದ ವಿಜಯನಗರದ ಆಸ್ಥಾನ. ಕಿರೀಟ, ಕತ್ತಿ, ಗಡ್ಡ ಎಲ್ಲದರ ಬಗ್ಗೆ ಯೋಚಿಸಿದ್ದೆವು. ಕಾಲಿನ ಬಗ್ಗೆ ಯಾರೂ ಯೋಚಿಸಿರಲಿಲ್ಲ. "ನಾಳೆ ಹೇಳ್ತೀನಿ" ಎಂದು ಅವರನ್ನು ಕಳಿಸಿ ಪುಸ್ತಕ ತೆಗೆದು ಕೂತೆ.

ನಮಗೆ ರಾಜ ಎಂದರೆ ಕಣ್ಣ ಮುಂದೆ ಬರುವುದು ಕ್ಯಾಲೆಂಡರಿನ ರಾಜ, ಇಲ್ಲವೇ 1970ರ 'ಶ್ರೀ ಕೃಷ್ಣದೇವರಾಯ' ಚಿತ್ರದ ರಾಜ್‌ಕುಮಾರ್. ನಾವು ಗುಬ್ಬಿಯ ಪಕ್ಕದವರು ಬೇರೆ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ಮುಂದೆ ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ವೈಭವ ನಮ್ಮ ರಕ್ತದಲ್ಲಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮಕ್ಕಳು ಇತಿಹಾಸ ಕಲಿಯಲಿ ಎಂದು ನಾಟಕ ಆಡಿಸುವಾಗ, ಕಂಡದ್ದನ್ನು ಬರೆದಿಟ್ಟವರನ್ನು ಒಮ್ಮೆ ಕೇಳಬೇಕಲ್ಲವೇ?

ಅಂಥವನೊಬ್ಬ ಡೊಮಿಂಗೊ ಪಯಸ್. ಪೋರ್ಚುಗೀಸಿನವನು. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದು ಕೃಷ್ಣದೇವರಾಯನನ್ನು ಕಣ್ಣಾರೆ ಕಂಡವನು. ಅವನ ಬರಹವನ್ನು ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ರಾಯ ಉಟ್ಟದ್ದು ಬಂಗಾರದ ಗುಲಾಬಿಗಳ ಕಸೂತಿಯಿದ್ದ ಬಿಳಿ ಬಟ್ಟೆ, ಕೊರಳಲ್ಲಿ ವಜ್ರದ ಆಭರಣ, ತಲೆಯ ಮೇಲೆ ಜರತಾರಿ ಟೊಪ್ಪಿಗೆ ಎಂದೆಲ್ಲ ವರ್ಣಿಸಿ ಪಯಸ್ ಕಾಲಿಗೆ ಬರುತ್ತಾನೆ. ಕಾಲಲ್ಲಿ ಏನಿತ್ತು ಗೊತ್ತೇ? ಏನೂ ಇರಲಿಲ್ಲ! ರಾಯ ಬರಿಗಾಲಿನಲ್ಲಿದ್ದ. ರಾಯನಿರುವಲ್ಲಿಗೆ ಯಾರೂ ಪಾದರಕ್ಷೆ ಮೆಟ್ಟಿ ಬರುವಂತಿರಲಿಲ್ಲ. ನಾಡಿನಲ್ಲೂ ಹೆಚ್ಚುಕಡಿಮೆ ಎಲ್ಲರೂ ಬರಿಗಾಲಿನಲ್ಲೇ ಓಡಾಡುತ್ತಿದ್ದರು ಎನ್ನುತ್ತಾನೆ.

ಹಾಗಾದರೆ ಪಾದರಕ್ಷೆಯೇ ಇರಲಿಲ್ಲವೇ? ಇತ್ತು. ಎರಡು ಬಗೆಯದನ್ನು ಪಯಸ್ ಹೇಳುತ್ತಾನೆ. ಒಂದು, ತುದಿ ಚೂಪಾದ ಜೋಡು. ಇನ್ನೊಂದು, ಬರೀ ಅಟ್ಟೆ, ಮೇಲೆ ಕಾಲಿಗೆ ಹಿಡಿದು ನಿಲ್ಲಲು ಬಾರುಗಳು. ಇಟಲಿಯಿಂದ ಬಂದ ಹಳೆಯ ಚಿತ್ರಗಳಲ್ಲಿ ರೋಮನ್ನರ ಕಾಲಲ್ಲಿ ಕಾಣುವಂಥದ್ದು ಎಂದು ತನ್ನ ಊರಿನವರಿಗೆ ಅರ್ಥವಾಗುವ ಹೋಲಿಕೆ ಕೊಟ್ಟಿದ್ದಾನೆ. ಅದೇ ಶತಮಾನದ ಆರಂಭದ ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಕೂಡ ಗಂಡಸರ ಒರಟು ಜೋಡುಗಳನ್ನೂ ಹೆಂಗಸರ ರೇಷ್ಮೆ ಕಸೂತಿಯ ಚರ್ಮದ ಜೋಡುಗಳನ್ನೂ ಹೆಸರಿಸುತ್ತಾನೆ. ಅವನು ಹೇಳುತ್ತಿರುವುದು ಅನುಕೂಲಸ್ಥರ ಮಾತು.

ಬರಹ ಒಂದು ಸಾಕ್ಷಿಯಾದರೆ ಕಲ್ಲು ಇನ್ನೊಂದು. ಹಂಪಿಗೆ ಹೋದಾಗ ಹಜಾರರಾಮ ಗುಡಿಯ ಪ್ರಾಕಾರದ ಗೋಡೆಯನ್ನು ನೋಡಿ. ಆನೆ, ಕುದುರೆ, ಕಾಲಾಳು, ನರ್ತಕಿಯರು ಸಾಲುಸಾಲಾಗಿ ಸಾಗಿದ್ದಾರೆ. ಎಲ್ಲರೂ ಮುಖ ನೋಡಿ ಮುಂದೆ ಹೋಗುತ್ತಾರೆ. ನೀವು ಈ ಸಲ ಪಾದ ನೋಡಿ. ಹೆಚ್ಚಿನವು ಬರಿಗಾಲು. ನಮ್ಮ ಊರೂರಿನ ವೀರಗಲ್ಲುಗಳಲ್ಲೂ ಹಾಗೆಯೇ, ಬಹುಪಾಲು ವೀರರು ಬರಿಗಾಲಿನಲ್ಲೇ ಹೋರಾಡುತ್ತಾರೆ. ಹೊಯ್ಸಳರ ಗುಡಿಗಳಲ್ಲಿ ಭೈರವನ ವಿಗ್ರಹ ಸಿಕ್ಕಿದರೆ ಮಾತ್ರ ಕಾಲ ಕೆಳಗೆ ಎತ್ತರದ ಹಾವುಗೆ ಕಾಣಬಹುದು. ಭಿಕ್ಷೆಗೆ ಹೊರಟ ಶಿವನಿಗೂ ಪಾದುಕೆ ಉಂಟು. ಸೂರ್ಯನದು ಇನ್ನೊಂದು ಸ್ವಾರಸ್ಯ. ಉತ್ತರ ಭಾರತದ ಹಳೆಯ ವಿಗ್ರಹಗಳಲ್ಲಿ ಅವನಿಗೆ ಮೊಣಕಾಲುದ್ದ ಬೂಟು, ದಕ್ಷಿಣಕ್ಕೆ ಬಂದರೆ ಅದೇ ಸೂರ್ಯ ಬರಿಗಾಲಿನವನು! ಹವೆಗೆ ತಕ್ಕ ಹಾಗೆ ದೇವರೂ ಬದಲಾಗುತ್ತಾನೆ ಎಂದು ನಾನು ತರಗತಿಯಲ್ಲಿ ತಮಾಷೆ ಮಾಡುವುದುಂಟು.

"ಕಲ್ಲು ಯಾಕೆ ಸಾರ್, ಆ ಕಾಲದ ಚಪ್ಪಲಿಯನ್ನೇ ನೋಡಬಹುದಲ್ಲ?" ಎಂದು ಒಬ್ಬ ಜಾಣ ಕೇಳಿದ. ಒಳ್ಳೆಯ ಪ್ರಶ್ನೆ. ಇಂಗ್ಲೆಂಡಿನಲ್ಲಿ ಮಧ್ಯಯುಗದ ವೇಷ ತೊಟ್ಟು ಹಳೆಯ ಕಾಳಗಗಳನ್ನು ಮತ್ತೆ ಆಡಿ ತೋರಿಸುವ ಸಂಘಗಳಿವೆ. ಅವರು ಬೂಟಿನ ಹೊಲಿಗೆಯವರೆಗೂ ಸರಿಯಾಗಿ ಮಾಡಬಲ್ಲರು. ಯಾಕೆಂದರೆ ಲಂಡನ್ನಿನ ಥೇಮ್ಸ್ ದಂಡೆಯಲ್ಲೂ ಯಾರ್ಕ್ ಪಟ್ಟಣದಲ್ಲೂ ಅಗೆದಾಗ ಆ ಕಾಲದ ಚರ್ಮದ ಬೂಟುಗಳೇ ಸಿಕ್ಕಿವೆ. ಒಳಮೈ ಹೊರಗಿಟ್ಟು ಹೊಲಿದು, ಆಮೇಲೆ ರವಿಕೆ ತಿರುವಿದ ಹಾಗೆ ತಿರುವಿ ಹಾಕುತ್ತಿದ್ದರು ಎಂಬುದು ಆ ಬೂಟುಗಳನ್ನು ನೋಡಿದರೇ ತಿಳಿಯುತ್ತದೆ. ಅಲ್ಲಿ ಉಳಿದದ್ದು ಹೇಗೆ? ಸದಾ ಒದ್ದೆಯಾದ ಕೆಸರಿನ ಒಳಗೆ ಆಮ್ಲಜನಕ ಹೋಗುವುದಿಲ್ಲ. ಆಮ್ಲಜನಕವಿಲ್ಲದೆ ಚರ್ಮ ಕೊಳೆಸುವ ಸೂಕ್ಷ್ಮಜೀವಿಗಳು ಕೆಲಸ ಮಾಡಲಾರವು. ನಮ್ಮ ಕೆಂಪು ಮಣ್ಣು ಒಂದು ತಿಂಗಳು ನೆನೆಯುತ್ತದೆ, ಮೂರು ತಿಂಗಳು ಬಿರಿಯುತ್ತದೆ, ಜೊತೆಗೆ ಗೆದ್ದಲು. ಅದರಲ್ಲಿ ಒಂದು ಜೊತೆ ಮೆಟ್ಟು ಎಂಟುನೂರು ವರ್ಷ ಉಳಿಯುವುದೆಂದರೆ ಪವಾಡವೇ. ಆದ್ದರಿಂದ ನಮಗೆ ಕಲ್ಲು, ಬರಹ, ಆಮೇಲೆ ಇವತ್ತಿಗೂ ಅದೇ ಕಸುಬು ಮಾಡುತ್ತಿರುವವರ ಕೈ, ಇಷ್ಟೇ ಗತಿ.

ಈ ಮೂರನೆಯ ಸಾಕ್ಷಿಯ ವಿಷಯದಲ್ಲಿಯೇ ನಾನೊಂದು ತಪ್ಪು ಮಾಡಿದೆ.

ಹರಳಯ್ಯನವರ ಪಾತ್ರಕ್ಕೆ ಮೇಡಂ ಎಂಟನೇ ತರಗತಿಯ ಒಬ್ಬ ಹುಡುಗನನ್ನು ಆರಿಸಿದ್ದರು. ಸ್ಪಷ್ಟವಾದ ಮಾತು, ಒಳ್ಳೆಯ ಕಂಠ. ಅವನ ತಾತ ಪೇಟೆಯ ಮರದ ಕೆಳಗೆ ಕೂತು ಚಪ್ಪಲಿ ಹೊಲಿಯುವವರು ಎಂಬುದು ನನಗೆ ಗೊತ್ತಿತ್ತು. ಅವನ ಸಹಪಾಠಿಗಳಿಗೆ ಗೊತ್ತಿರಲಿಲ್ಲ. ನಾನು ಹಿಂದುಮುಂದು ನೋಡದೆ ನಲವತ್ತು ಮಕ್ಕಳ ಎದುರಿಗೆ, "ಲೋ, ನಿನಗೇನಪ್ಪ ಯೋಚನೆ, ನಿಮ್ಮ ತಾತನ ಹತ್ತಿರ ಒಂದು ಜೊತೆ ಮಾಡಿಸಿಕೊಂಡು ಬಾ" ಎಂದುಬಿಟ್ಟೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗ ತಲೆ ತಗ್ಗಿಸಿದ. ಮಾರನೆಯ ದಿನ ಶಾಲೆಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

ಇಪ್ಪತ್ತೆಂಟು ವರ್ಷ ಪಾಠ ಹೇಳಿದವನಿಗೆ ಇಷ್ಟು ತಿಳಿಯಬೇಡವೇ? ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆ ಮರದ ಕೆಳಗೆ ಹೋಗಿ ನಿಂತೆ. ಯಜಮಾನರು ರಂಪಿಗೆಯಿಂದ ಚರ್ಮ ಕೊಯ್ಯುತ್ತಿದ್ದರು. ನಡೆದದ್ದನ್ನು ಹೇಳಿ, "ತಪ್ಪಾಯ್ತು ಯಜಮಾನ್ರೇ" ಎಂದೆ. ಅವರು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನೀವೇನು ಸುಳ್ಳು ಹೇಳಿಲ್ವಲ್ಲ ಮೇಷ್ಟ್ರೇ. ನಕ್ಕವರಿಗೆ ಯಾರಾದ್ರೂ ಹೇಳಿಕೊಡಬೇಕಿತ್ತು" ಎಂದರು. ಆಮೇಲೆ, "ಎಂಥದ್ದು ಬೇಕು, ಕೂತ್ಕೊಳಿ" ಎಂದರು.

ನಾನು ಕೂತೆ. ಒಂದು ಗಂಟೆ ಪಾಠ ಕೇಳಿದೆ. ಈಗ ಹದ ಮಾಡಿದ ಚರ್ಮವನ್ನೇ ಅಂಗಡಿಯಿಂದ ತರುತ್ತಾರಂತೆ. ಅವರ ಅಪ್ಪನ ಕಾಲದಲ್ಲಿ ಹಸಿ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದು, ತಂಗಡಿ ಚಕ್ಕೆಯ ರಸದಲ್ಲಿ, ಅಳಲೆಕಾಯಿಯ ರಸದಲ್ಲಿ ದಿನಗಟ್ಟಲೆ ಅದ್ದಿ ಹದ ಮಾಡುತ್ತಿದ್ದರು. ನಾನು ತರಗತಿಯಲ್ಲಿ ಟ್ಯಾನಿನ್ ಎಂದು ಬೋರ್ಡಿನ ಮೇಲೆ ಬರೆಯುವುದು ಇದನ್ನೇ. ಚಕ್ಕೆಯ ಟ್ಯಾನಿನ್, ಚರ್ಮದ ಕೊಲ್ಯಾಜೆನ್ ಎಂಬ ಪ್ರೋಟೀನಿನ ಎಳೆಗಳಿಗೆ ಅಂಟಿಕೊಂಡು ಅವು ಕೊಳೆಯದಂತೆ ಕಾಪಾಡುತ್ತದೆ. ಹೀಗೆ ಹದವಾದ ಚರ್ಮದ ಬಣ್ಣ ಕಂದು. ಕ್ರೋಮಿಯಂ ಲವಣದಿಂದ ಹದ ಮಾಡುವ ಕ್ರಮ ಬಂದದ್ದು 19ನೇ ಶತಮಾನದಲ್ಲಿ. ಹಾಗೆಯೇ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿ ಮಾಡುವ ವಿದ್ಯೆ ಚಾರ್ಲ್ಸ್ ಗುಡ್‌ಇಯರ್‌ಗೆ ಸಿಕ್ಕಿದ್ದು 1839ರಲ್ಲಿ. ಆದ್ದರಿಂದ ರಬ್ಬರ್ ಅಟ್ಟೆಯ ಹವಾಯಿ ಚಪ್ಪಲಿ ಮೆಟ್ಟಿದ ಸೈನಿಕ ವಿಜಯನಗರಕ್ಕಿಂತ ಮುನ್ನೂರು ವರ್ಷ ಈಚಿನವನು!

ಮಕ್ಕಳೇ, ನೀವೇ ಮಾಡಿ ನೋಡಲು ಒಂದು ಪ್ರಯೋಗ. ತುಕ್ಕು ಹಿಡಿದ ಎರಡು ಮೊಳೆಯನ್ನು ಸ್ವಲ್ಪ ವಿನಿಗರ್‌ನಲ್ಲಿ ಮೂರು ದಿನ ನೆನೆಸಿಡಿ. ಹಾಲು ಹಾಕದ ಗಟ್ಟಿ ಟೀ ಡಿಕಾಕ್ಷನ್ನಿಗೆ ಆ ನೀರನ್ನು ನಾಲ್ಕಾರು ಹನಿ ಬಿಡಿ. ಡಿಕಾಕ್ಷನ್ ಕಪ್ಪಾಗುತ್ತದೆ. ಅಳಲೆಕಾಯಿ ಪುಡಿ ನೆನೆಸಿದ ನೀರಾದರೆ ಇನ್ನೂ ಕಪ್ಪು. ಕಬ್ಬಿಣವೂ ಟ್ಯಾನಿನ್ನೂ ಸೇರಿ ಆದ ಬಣ್ಣ ಅದು. ಹಳೆಯ ಕಾಲದ ಶಾಯಿ ಇದೇ, ಚರ್ಮಕ್ಕೆ ಕಪ್ಪು ಹಾಕುವ ಹಳೆಯ ಉಪಾಯವೂ ಇದೇ. ಪ್ರಯೋಗದ ಮೇಲೆ ಚೆಲ್ಲಿಬಿಡಿ, ಕುಡಿಯಬೇಡಿ.

ಇನ್ನು ಪೋಷಕರಿಗೆ ನಾಲ್ಕು ಮಾತು. ಮಧ್ಯಯುಗದ ಪಾತ್ರವೆಂದರೆ ಮೊದಲ ಆಯ್ಕೆ ಬರಿಗಾಲು. ಖರ್ಚೂ ಇಲ್ಲ, ತಪ್ಪೂ ಇಲ್ಲ. ರಂಗದ ಮೇಲೆ ಮೊಳೆ, ಪಿನ್ನು ಬಿದ್ದಿಲ್ಲ ಎಂದು ಗುಡಿಸಿ ನೋಡಿದರಾಯಿತು. ದಾರಿ ನಡೆಯುವವನು, ದಂಡಿನವನು, ವ್ಯಾಪಾರಿ ಎಂದಾದರೆ ಬಾರು, ಉಂಗುಟ ಇರುವ ಕಂದು ಬಣ್ಣದ ಚರ್ಮದ ಚಪ್ಪಲಿ ಸಾಕು. ಹೊಸದಾದರೆ ಎಣ್ಣೆ ಸವರಿ ವಾರ ಮೊದಲೇ ಮನೆಯಲ್ಲಿ ಮೆಟ್ಟಿ ನಡೆಯಲಿ, ಇಲ್ಲದಿದ್ದರೆ ಆ ದಿನ ಕಾಲು ಕಚ್ಚಿ ಮಾತು ಮರೆಯುತ್ತದೆ. ಗುರು, ಸನ್ಯಾಸಿಗೆ ಮರದ ಹಾವುಗೆ. ಅದನ್ನು ಹೆಬ್ಬೆರಳು, ಪಕ್ಕದ ಬೆರಳಿನ ನಡುವೆ ಹಿಡಿದು ನಡೆಯುವುದಕ್ಕೆ ಅಭ್ಯಾಸ ಬೇಕು. ಹೊಳೆಯುವ ಪ್ಲಾಸ್ಟಿಕ್, ಜಿಪ್ಪು, ರಬ್ಬರು ಮಾತ್ರ ಬೇಡ.

ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಪಾತ್ರ ಯಾರ ಎದುರಿಗೆ ನಿಂತಿದೆ? ನಮ್ಮ ನಾಡಿನಲ್ಲಿ ಪಾದರಕ್ಷೆ ಬರೀ ಮುಳ್ಳು, ಬಿಸಿಲಿನಿಂದ ಕಾಪಾಡುವ ವಸ್ತುವಾಗಿರಲಿಲ್ಲ. ರಾಯನೆದುರು ಮಾಂಡಲಿಕನೂ ಬಿಚ್ಚಿಡಬೇಕಿತ್ತು. ಅದು ಅರಮನೆಯ ಮರ್ಯಾದೆ. ಆದರೆ ನಮ್ಮ ಅಜ್ಜಂದಿರ ಕಾಲದವರೆಗೂ ಎಷ್ಟೋ ಹಳ್ಳಿಗಳಲ್ಲಿ, ಚಪ್ಪಲಿ ಹೊಲಿದು ಕೊಟ್ಟವನೇ ಅದನ್ನು ಮೆಟ್ಟಿ ಮೇಲಿನ ಕೇರಿಯಲ್ಲಿ ನಡೆಯುವಂತಿರಲಿಲ್ಲ. ಅದು ಮರ್ಯಾದೆಯಲ್ಲ, ಅನ್ಯಾಯ. ಅದಕ್ಕೇ ನಮ್ಮ ಸಂವಿಧಾನದಲ್ಲಿ 17ನೇ ವಿಧಿ ಬಂತು. ಹರಳಯ್ಯನವರ ಕಥೆಯ ತೂಕ ಇರುವುದೂ ಇಲ್ಲಿಯೇ. ತಾವು ಶರಣು ಎಂದದ್ದಕ್ಕೆ ಬಸವಣ್ಣನವರು ಶರಣು ಶರಣಾರ್ಥಿ ಎಂದರು, ಆ ಹೆಚ್ಚಿನ ಒಂದು ಶರಣಿನ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದರು, ಬಸವಣ್ಣನವರು ಅದನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು ಎಂದು ಕಥೆ. ಇದನ್ನು ಮೇಡಂ ತರಗತಿಯಲ್ಲಿ ಇನ್ನೊಮ್ಮೆ ಹೇಳಿದರು. ನಾನು ಎದ್ದು ನಿಂತು, ಅಂದು ನಾನಾಡಿದ ರೀತಿ ಸರಿಯಲ್ಲ ಎಂದು ಅದೇ ನಲವತ್ತು ಮಕ್ಕಳ ಎದುರಿಗೆ ಹೇಳಿದೆ. ಹುಡುಗ ಅಂದು ಬಂದಿದ್ದ. ಏನೂ ಮಾತಾಡಲಿಲ್ಲ. ಆದರೆ ಸಂಜೆಯ ರಿಹರ್ಸಲ್‌ಗೆ ನಿಂತ.

ಕೊನೆಗೆ ನಾಟಕದ ದಿನ ಏನಾಯಿತು ಎಂದರೆ, ಇಡೀ ರಂಗದ ಮೇಲೆ ಒಬ್ಬರ ಕಾಲಲ್ಲೂ ಚಪ್ಪಲಿ ಇರಲಿಲ್ಲ. ಎಂಟುನೂರು ರೂಪಾಯಿಯ ಮೋಜಡಿ ವ್ಯರ್ಥವಾಗಲಿಲ್ಲ. ಚೂಪು ತುದಿಯ ಜೋಡು ಇತ್ತೆಂದು ಪಯಸ್ಸೇ ಹೇಳಿದ್ದಾನಲ್ಲ! ಸೊಂಡಿಲನ್ನು ಒಳಕ್ಕೆ ಮಡಿಸಿ, ಆಸ್ಥಾನದ ಬಾಗಿಲಲ್ಲಿ ಮಾಂಡಲಿಕರು ಬಿಟ್ಟುಬಂದ ಜೋಡುಗಳ ಸಾಲಿನಲ್ಲಿ ಮೊದಲನೆಯದಾಗಿ ಇಟ್ಟೆವು. ರಾಯನ ತಂದೆಗೂ ಸಮಾಧಾನವಾಯಿತು.

ಹರಳಯ್ಯನ ದೃಶ್ಯದಲ್ಲಿ ಹುಡುಗ ಆ ಕಂದು ಬಣ್ಣದ ಜೊತೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಂದಾಗ ಯಾರೂ ನಗಲಿಲ್ಲ. ಅವನ ತಾತ ಹಿಂದೆ ಬಾಗಿಲ ಬಳಿ ನಿಂತಿದ್ದರು. ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದರು. "ಮೆಟ್ಟಿಕೊಂಡೇ ಬನ್ನಿ, ಎಲ್ಲರೂ ಹಾಗೇ ಕೂತಿದ್ದಾರೆ" ಎಂದು ಕರೆದು ಮುಂದಿನ ಸಾಲಿನಲ್ಲಿ ನನ್ನ ಪಕ್ಕಕ್ಕೆ ಕೂರಿಸಿಕೊಂಡೆ. ನಾಟಕ ಮುಗಿದ ಮೇಲೆ, "ಹೇಗಿತ್ತು ಯಜಮಾನ್ರೇ?" ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ ಹೇಳಿದರು:

"ಎಡಗಾಲಿನ ಬಾರು ಒಂದೆಳೆ ಬಿಗಿಯಾಗಿಬಿಟ್ಟಿದೆ ಮೇಷ್ಟ್ರೇ. ನಾಳೆ ಕಳಿಸಿ, ಸರಿ ಮಾಡಿ ಕೊಡ್ತೀನಿ."