ಹಳೆಯ ಪಿಕಪ್ಪು, ಹೊಸ ಪೆಟ್ರೋಲು



ಈ ಸಲ ಕೊಳೆರೋಗವನ್ನಾಗಲಿ ಕಾಫಿಯ ಧಾರಣೆಯನ್ನಾಗಲಿ ಎತ್ತಿಕೊಳ್ಳದೆ ಒಂದು ಕಾರ್ಬುರೇಟರಿನ ವಿಷಯ ಬರೆಯಲು ಹೊರಟಿದ್ದೇವೆ. ಕಾರ್ಯದರ್ಶಿಗಳಿಗೆ ಬೇರೆ ಕೆಲಸವಿಲ್ಲವೇ ಎಂದು ಕೆಲವರು ನಗಬಹುದು. ಪೆಟ್ರೋಲಿನಲ್ಲಿ ಓಡುವ ನಿಮ್ಮ ಔಷಧಿ ಹೊಡೆಯುವ ಯಂತ್ರದಲ್ಲೂ ಕಳೆ ಕೊಚ್ಚುವ ಯಂತ್ರದಲ್ಲೂ ಇರುವುದು ಇದೇ ವಸ್ತು ಎಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮಲ್ಲಿ ತಂದೆಯವರ ಕಾಲದ ಪೆಟ್ರೋಲ್ ಜೀಪ್ ಪಿಕಪ್ ಒಂದಿದೆ. ಕಳೆದ ಕೊಯ್ಲಿನಲ್ಲಿ ಒಂದು ಸಂಜೆ, ಕಾಫಿ ಹಣ್ಣಿನ ಮೂಟೆ ಹೇರಿಕೊಂಡು ಪಲ್ಪರ್ ಮನೆಯ ಏರು ಹತ್ತುವಾಗ ಅದು ಕೆಮ್ಮಿ, ಎರಡು ಸಲ ಜಗ್ಗಿ, ನಿಂತುಬಿಟ್ಟಿತು. ಬೆಳಗಾಗುವಷ್ಟರಲ್ಲಿ ಮೂಟೆಯೊಳಗಿನ ಹಣ್ಣು ಬಿಸಿಯಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಪಾರ್ಚ್‌ಮೆಂಟ್ ಆಗಬೇಕಾಗಿದ್ದ ಮಾಲು ಚೆರ್ರಿಯಾಗಿ ಕಣ ಸೇರಿತು. ಪೇಟೆಯ ಗ್ಯಾರೇಜಿನವರು "ಗುಜರಿಗೆ ಹಾಕಿ ಸ್ವಾಮಿ" ಎಂದರು. ನಮ್ಮ ಮನಸ್ಸು ಒಪ್ಪಲಿಲ್ಲ.

ಹಿಂದೆ ನಮ್ಮಲ್ಲಿದ್ದ ವಯಸ್ಸಾದ ಡ್ರೈವರನ್ನು ಕರೆಸಿ, ಕಣದ ಮೂಲೆಯಲ್ಲಿ ಹಳೆಯ ಪಂಚೆ ಹಾಸಿ, ಕಾರ್ಬುರೇಟರು ಬಿಚ್ಚಿದೆವು. ಬೌಲಿನ ತಳದಲ್ಲಿ ನೀರು, ತುಕ್ಕಿನ ಕೆಸರು. ನೀಡಲ್ ವಾಲ್ವಿನ ತುದಿ ಸವೆದಿತ್ತು. ಪಂಪಿನ ರಬ್ಬರ್ ಡಯಾಫ್ರಂ ಉಬ್ಬಿ ಅಂಟಂಟಾಗಿತ್ತು. ಮುಖ್ಯ ಜೆಟ್ಟು ಅರ್ಧ ಕಟ್ಟಿದ್ದರಿಂದಲೇ ಸಮತಟ್ಟಿನಲ್ಲಿ ಓಡುತ್ತಿದ್ದ ಗಾಡಿ ಏರಿನಲ್ಲಿ ಸೋತದ್ದು. ಪದವೀಧರರಾದ ನಾವು ಜೆಟ್ಟು ಬಿಡಿಸಲು ತಂತಿ ಕೈಗೆತ್ತಿಕೊಂಡೆವು. ಆತ ತಡೆದ: "ಬೇಡಿ ಅಯ್ಯ, ತೂತು ದೊಡ್ಡದಾಗ್ತದೆ. ಔಷಧಿ ಗನ್ನಿನ ನಾಜಲ್ಲಿಗೆ ತಂತಿ ಹಾಕ್ತೀರಾ?" ನಾವು ಮಾತಾಡದೆ ಗಾಳಿ ಹೊಡೆಯುವ ಪಂಪು ತಂದೆವು. ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವುದೇ ಎಂದು ನೋಡಿದೆವು, ಬರಲಿಲ್ಲ. ನೀಡಲ್, ಡಯಾಫ್ರಂ, ಗ್ಯಾಸ್ಕೆಟ್ಟು, ರಬ್ಬರ್ ಕೊಳವೆ ಹೊಸದು ಹಾಕಿ, ಟ್ಯಾಂಕು ತೊಳೆದು, ಎಂಜಿನು ಬಿಸಿಯಾದ ಮೇಲೆ ಸ್ಕ್ರೂ ಹೊಂದಿಸಿದೆವು. ಗಾಡಿ ಈಗ ಏರು ಹತ್ತುತ್ತಿದೆ.

ರೋಗಕ್ಕೆ ಕಾರಣವನ್ನೂ ಹೇಳಬೇಕು. ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾರ್ಯಕ್ರಮ ನಮ್ಮ ದೇಶದಲ್ಲಿ 2003ರಲ್ಲಿ ಶೇಕಡ 5ರಿಂದ ಆರಂಭವಾಯಿತು. ಶೇಕಡ 20 ಬೆರೆಸಿದ ಪೆಟ್ರೋಲು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆಯಾಯಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹೆಚ್ಚಾದರೆ ನೀರಿನೊಡನೆ ಬೇರ್ಪಟ್ಟು ತಳ ಸೇರುತ್ತದೆ. ಮಲೆನಾಡಿನ ಮಳೆಗಾಲವನ್ನು ಅರ್ಧ ಟ್ಯಾಂಕಿನಲ್ಲಿ ಕಳೆದ ಗಾಡಿಯ ಗತಿ ಏನೆಂದು ಊಹಿಸಬಹುದು. ಹಳೆಯ ರಬ್ಬರು ಇದಕ್ಕೆಂದು ಮಾಡಿದ್ದಲ್ಲ. ಇನ್ನೊಂದು ಸಂಗತಿ: 1 ತೂಕ ಪೆಟ್ರೋಲಿಗೆ ಸುಮಾರು 15 ತೂಕ ಗಾಳಿ ಎಂಬ ಲೆಕ್ಕಕ್ಕೆ ಹಳೆಯ ಜೆಟ್ಟುಗಳನ್ನು ಕೊರೆದಿದ್ದಾರೆ. ಎಥನಾಲಿನಲ್ಲಿ ತನ್ನದೇ ಆಮ್ಲಜನಕವಿರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂದು ತೂಗಿ ಹಾಕುವ ನಮಗೆ ಪ್ರಮಾಣ ತಪ್ಪಿದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ನಾವು ಎಥನಾಲಿನ ವಿರೋಧಿಗಳಲ್ಲ. ಕಬ್ಬು ಬೆಳೆಯುವವರೂ ನಮ್ಮಂತೆಯೇ ರೈತರು; ಅವರ ಬೆಳೆಗೆ ದಾರಿಯಾದರೆ ಸಂತೋಷ. ಆದರೆ ಹಳೆಯ ಯಂತ್ರ ಇಟ್ಟುಕೊಂಡ ಸಣ್ಣ ಬೆಳೆಗಾರನಿಗೆ "ಈ ರಬ್ಬರು ಬದಲಿಸು, ಮಳೆಗೆ ಮುಂಚೆ ಟ್ಯಾಂಕು ಬರಿದುಮಾಡು" ಎಂದು ನಮ್ಮ ಕಡೆ ಯಾರೂ ಬಂದು ಹೇಳಲಿಲ್ಲ. ಸರ್ಕಾರ ಹೇಳಲಿ ಎಂದು ಕಾಯುವ ಬದಲು ಸಂಘವೇ ಹೇಳಬೇಕೆಂಬುದು ನಮ್ಮ ಅಭಿಪ್ರಾಯ.

ಬರುವ ಮಹಾಸಭೆಯ ಮುಂದೆ ಎರಡು ಸಲಹೆ ಇಡಲಿದ್ದೇವೆ. ಎಥನಾಲ್ ತಾಳುವ ಕೊಳವೆ, ಡಯಾಫ್ರಂ, ನೀಡಲ್, ಗ್ಯಾಸ್ಕೆಟ್ಟುಗಳನ್ನು ಸಂಘದ ಮಳಿಗೆಯಲ್ಲಿ ಅಸಲಿಗೆ ಮಾರುವುದು ಒಂದು. ಪ್ರತಿ ಮೇ ತಿಂಗಳಲ್ಲಿ ಒಂದು ದಿನ, ಇಂಥ ಹಳೆಯ ಕೈಗಳಿಗೆ ಗೌರವಧನ ಕೊಟ್ಟು ನಮ್ಮ ಹುಡುಗರಿಗೆ ಬಿಚ್ಚಿ ಜೋಡಿಸುವುದನ್ನು ಕಲಿಸುವುದು ಇನ್ನೊಂದು. ಸಂಘವೇನು ಗ್ಯಾರೇಜೇ ಎಂದು ನಿರ್ದೇಶಕರೊಬ್ಬರು ಈಗಾಗಲೇ ಕೇಳಿದ್ದಾರೆ. ಮೈಲುತುತ್ತ ಒದಗಿಸುವ ಸಂಘ, ಅದನ್ನು ಹೊಡೆಯುವ ಯಂತ್ರ ಹೊರಡುವಂತೆಯೂ ನೋಡಬೇಡವೇ? ಆಷಾಢದಲ್ಲಿ ಎರಡು ದಿನ ಹೊಳವಾದಾಗ ಯಂತ್ರ ಹೊರಡದಿದ್ದರೆ ಕೊಳೆರೋಗ ನಮಗಾಗಿ ಕಾಯುವುದಿಲ್ಲ.

ಸಭೆಯ ತೀರ್ಮಾನ ಏನೇ ಆಗಲಿ, ಕೆಲಸ ಮುಗಿದು ಯಂತ್ರ ಒಳಗಿಡುವ ಮುನ್ನ ಪ್ರತಿಯೊಬ್ಬರೂ ಟ್ಯಾಂಕು ಬರಿದುಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನು ಓಡಿಸಿ ಬೌಲನ್ನೂ ಖಾಲಿ ಮಾಡಿರಿ. ಬಿಚ್ಚುವಾಗ ಹತ್ತಿರ ಬೀಡಿ ಬೇಡ, ಒಲೆಯೂ ಬೇಡ. ನಮ್ಮ ಡ್ರೈವರಿಗೆ ಈಗ ಕಣ್ಣು ಮಂಜಾಗಿದೆ. ಅಂದು ಜೆಟ್ಟುಗಳನ್ನು ಬೆರಳಿನಿಂದಲೇ ಗುರುತಿಸಿದ. ಆ ಬೆರಳುಗಳ ವಿದ್ಯೆ ಅವನೊಡನೆ ಮುಗಿಯದಿರಲಿ ಎಂಬುದೇ ನಮ್ಮ ಕೋರಿಕೆ.

— ಕಾರ್ಯದರ್ಶಿ