ಆಪರೇಷನ್ ಆಯ್ತು, ಮುಂದೇನು?

ಮಾಳಿಗೆಯಿಂದ ಜಾರಿದರೂ ಸಾಕು, ಮರದಿಂದ ಬಿದ್ದರೂ ಸಾಕು, ಬೈಕ್ ಉರುಳಿದರೂ ಸಾಕು, ಬೆನ್ನುಹುರಿಗೆ ಪೆಟ್ಟಾಗಬಹುದು. ಠಾಣಾ ಕುಶನೂರಿನಂಥ ಊರಿನಲ್ಲಿ ಇಂಥದ್ದು ನಡೆದಾಗ ಗಾಬರಿಯಿಂದ ಕೈಕಾಲು ಹಿಡಿದೆತ್ತಿ ಜೀಪಿಗೆ ಹಾಕಬೇಡಿ. 108ಕ್ಕೆ ಫೋನ್ ಮಾಡಿ. ಎತ್ತಲೇಬೇಕಾದರೆ ಕುತ್ತಿಗೆ, ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸಿ.

ಆಪರೇಷನ್ ಮುರಿದ ಮೂಳೆಯನ್ನು ನಿಲ್ಲಿಸುತ್ತದೆ, ಪೂರ್ತಿ ಕಡಿದ ನರವನ್ನು ಮತ್ತೆ ಬೆಸೆಯುವುದಿಲ್ಲ. ಹಾಗಾಗಿ ಹೊಲ ಮಾರಿ ಎಣ್ಣೆ ತಿಕ್ಕಿಸುತ್ತಾ ಕೂರಬೇಡಿ. ಸ್ಪರ್ಶವಿಲ್ಲದ ಕಾಲಿಗೆ ಬಿಸಿ ಶಾಖ ಕೊಟ್ಟರೆ ಸುಟ್ಟರೂ ಗೊತ್ತಾಗೋದಿಲ್ಲ.

ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಎರಡನ್ನೂ ಮನೆಯಲ್ಲೇ ತಡೆಯಬಹುದು. ಹಾಸಿಗೆಯಲ್ಲಿದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಗಾಲಿಕುರ್ಚಿಯಲ್ಲಿ ಕೂತವರು ಆಗಾಗ ಕೈಯೂರಿ ಮೈ ಎತ್ತಲಿ. ದಿನಾ ಸೊಂಟ, ಹಿಮ್ಮಡಿ ನೋಡಿ. ಕೆಂಪಾಗಿದ್ದರೆ ಆ ಜಾಗಕ್ಕೆ ಭಾರ ಬೀಳಕೂಡದು. ವೈದ್ಯರಿಂದ ಕಲಿತು, ಅವರು ಹೇಳಿದ ಹೊತ್ತಿಗೆ ಶುಚಿಯಾದ ನಳಿಕೆಯಿಂದ ಮೂತ್ರ ತೆಗೆಯಿರಿ.

ಗೆಳತಿಯರೇ, ಈ ದುಡಿಮೆ ಬಹುತೇಕ ಹೆಂಡತಿ, ತಾಯಿ, ಸೊಸೆಯ ಹೆಗಲಿಗೇ ಬೀಳುತ್ತದೆ. ರಾತ್ರಿಯ ಪಾಳಿಯನ್ನಾದರೂ ಮನೆಯ ಗಂಡಸರು ಹೊರಲಿ. ಪೆಟ್ಟಾದವಳು ಸೊಸೆಯಾದರೆ? "ತವರಿಗೆ ಕಳಿಸಿಬಿಡಿ" ಅನ್ನುವವರೂ ಇದ್ದಾರೆ. ಅಂಥವರಿಗೆ ಮೇರಿ ವರ್ಗೀಸ್ ಕತೆ ಹೇಳಿ. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಈ ಡಾಕ್ಟರಮ್ಮ ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು, ವೆಲ್ಲೂರಿನ ಸಿಎಂಸಿಯಲ್ಲಿ ಪುನರ್ವಸತಿ ವಿಭಾಗವನ್ನೇ ಕಟ್ಟಿದರು. ನಮ್ಮ ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ 1959ರಲ್ಲಿ ಆರಂಭಿಸಿದ ಎಪಿಡಿ ಸಂಸ್ಥೆಯಿದೆ, ನಿಮ್ಹಾನ್ಸ್‌ನಲ್ಲಿ ನರ ಪುನರ್ವಸತಿ ವಿಭಾಗವಿದೆ.

ಆದರೆ ಬೀದರ್‌ನಿಂದ ಬೆಂಗಳೂರು ಒಂದು ರಾತ್ರಿಯ ದಾರಿ. ಕಲಿಸುವವರು ತಾಲ್ಲೂಕು ಆಸ್ಪತ್ರೆಯಲ್ಲೇ ಇರಬೇಕು ಎಂದು ನಿಮ್ಮ ಮಹಿಳಾ ಸಂಘದಿಂದಲೇ ಅರ್ಜಿ ಕೊಡಿ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ ಯುಡಿಐಡಿ ಕಾರ್ಡ್ ಮಾಡಿಸಿ. 2016ರ ಕಾಯ್ದೆಯಲ್ಲಿ ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿಯೂ ಇದೆ.

ಅಷ್ಟರೊಳಗೆ ಹೊಸ್ತಿಲಿಗೊಂದು ಇಳಿಜಾರು ಹಾಕಿಸಿ. ಒಳಕೋಣೆಯಲ್ಲಿ ಮಲಗಿಸಿದವರನ್ನು ಅಂಗಳಕ್ಕೆ ಕರೆತನ್ನಿ. ಅಂಗಡಿಯ ಲೆಕ್ಕವನ್ನೋ, ಹೊಲಿಗೆಯನ್ನೋ ಅವರ ಕೈಗೆ ಕೊಡಿ. ಮನೆಯ ಮಾತುಕತೆಯಲ್ಲಿ ಅವರನ್ನೂ ಒಂದು ಮಾತು ಕೇಳಿ.