ಸರಾಸರಿಯ ಲೆಕ್ಕ ಮತ್ತು ಕೊನೆಯ ಮನೆ

2014ರ ಜನವರಿ 9ರಂದು ಲಂಡನ್ ನಗರದ ಹತ್ತು ಅಗ್ನಿಶಾಮಕ ಠಾಣೆಗಳು ಒಂದೇ ದಿನ ಬಾಗಿಲು ಮುಚ್ಚಿದವು. 1872ರಲ್ಲಿ ಆರಂಭವಾಗಿದ್ದ ಕ್ಲರ್ಕನ್‌ವೆಲ್ ಠಾಣೆಯೂ ಅವುಗಳಲ್ಲೊಂದು. ಇದರೊಂದಿಗೆ 14 ಅಗ್ನಿಶಾಮಕ ವಾಹನಗಳೂ 552 ಸಿಬ್ಬಂದಿ ಹುದ್ದೆಗಳೂ ಇಲ್ಲವಾದವು. ಮುಚ್ಚಲು ಕೊಟ್ಟ ಕಾರಣ ಸರಳವಾಗಿತ್ತು: ಹಿಂದಿನ ಹತ್ತು ವರ್ಷಗಳಲ್ಲಿ ಬೆಂಕಿ ಅನಾಹುತಗಳು ಗಣನೀಯವಾಗಿ ಇಳಿದಿವೆ, ಖರ್ಚನ್ನೂ ಇಳಿಸಬೇಕು.

ಜನ ಸುಮ್ಮನಿರಲಿಲ್ಲ. ಬಡಾವಣೆಗಳ ನಿವಾಸಿಗಳು, ಅಗ್ನಿಶಾಮಕ ಸಿಬ್ಬಂದಿಯ ಸಂಘ ಮತ್ತು ಸ್ಥಳೀಯ ಆಡಳಿತಗಳು ಒಟ್ಟಾಗಿ ವಿರೋಧಿಸಿದವು. ಮೊದಲ ಪ್ರಸ್ತಾವದಲ್ಲಿದ್ದುದು 12 ಠಾಣೆಗಳು. ಸಾರ್ವಜನಿಕ ಸಮಾಲೋಚನೆಯ ಬಳಿಕ ಕ್ಲಾಪಮ್ ಮತ್ತು ನ್ಯೂ ಕ್ರಾಸ್ ಠಾಣೆಗಳು ಉಳಿದುಕೊಂಡವು. ಅಗ್ನಿಶಾಮಕ ಪ್ರಾಧಿಕಾರದ ಸದಸ್ಯರೇ ಯೋಜನೆಯನ್ನು ಬಹುಮತದಿಂದ ತಿರಸ್ಕರಿಸಿದರೂ ಅಂದಿನ ಮೇಯರ್ ಬೋರಿಸ್ ಜಾನ್ಸನ್ ತಮ್ಮ ವಿಶೇಷಾಧಿಕಾರ ಬಳಸಿ ಅದನ್ನು ಜಾರಿಗೆ ತಂದರು. ಏಳು ಸ್ಥಳೀಯ ಆಡಳಿತಗಳು ಹೈಕೋರ್ಟಿನ ಮೊರೆ ಹೊಕ್ಕವು. 2013ರ ಡಿಸೆಂಬರಿನಲ್ಲಿ ಅರ್ಜಿ ವಜಾ ಆಯಿತು.

ಆ ವಾದ–ಪ್ರತಿವಾದದ ನಡುವೆ ಇದ್ದದ್ದು ‘ಸರಾಸರಿ’ ಎಂಬ ಒಂದು ಪದ. ಮೊದಲ ವಾಹನ ಸರಾಸರಿ 6 ನಿಮಿಷಗಳಲ್ಲಿ, ಎರಡನೆಯದು 8 ನಿಮಿಷಗಳಲ್ಲಿ ಸ್ಥಳ ತಲುಪಬೇಕೆಂಬುದು ಲಂಡನ್ನಿನ ಗುರಿ. ಠಾಣೆಗಳು ಮುಚ್ಚಿದ ಮೇಲೂ ಇಡೀ ನಗರದ ಸರಾಸರಿ ಈ ಮಿತಿಯನ್ನು ಮೀರಲಿಲ್ಲ. ಆದರೆ ಠಾಣೆ ಕಳೆದುಕೊಂಡ ಹಲವು ವಾರ್ಡುಗಳಲ್ಲಿ ಕಾಯುವ ಹೊತ್ತು ಹೆಚ್ಚಿತು. ಸರಾಸರಿಯೆಂಬುದು ಯಾರ ಮನೆಯ ವಿಳಾಸವೂ ಅಲ್ಲ. ಬೆಂಕಿ ಬೀಳುವುದು ಮಾತ್ರ ಒಂದು ನಿರ್ದಿಷ್ಟ ಮನೆಗೆ.

ಎರಡನೆಯ ದೋಷ ಇನ್ನೂ ಆಳವಾದದ್ದು. ಕಳೆದ ದಶಕದ ಬೆಂಕಿಗಳನ್ನು ಎಣಿಸಿ ಮುಂದಿನ ದಶಕದ ಅಗತ್ಯವನ್ನು ನಿರ್ಧರಿಸಲಾಗಿತ್ತು. 2022ರ ಜುಲೈ 19ರಂದು ಇಂಗ್ಲೆಂಡಿನ ತಾಪಮಾನ ಮೊದಲ ಬಾರಿಗೆ 40 ಡಿಗ್ರಿ ಸೆಲ್ಸಿಯಸ್ ದಾಟಿತು. ಅಂದು ಲಂಡನ್ನಿನ ಅಂಚಿನ ವೆನ್ನಿಂಗ್ಟನ್ ಗ್ರಾಮದಲ್ಲಿ ಒಣಹುಲ್ಲಿನ ಬೆಂಕಿ ಮನೆಗಳಿಗೆ ಹಬ್ಬಿ ಹತ್ತಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಎರಡನೆಯ ಮಹಾಯುದ್ಧದ ನಂತರ ಲಂಡನ್ ಅಗ್ನಿಶಾಮಕ ದಳ ಅಷ್ಟೊಂದು ಕೆಲಸದ ದಿನವನ್ನು ಕಂಡಿರಲಿಲ್ಲ. ಇದಕ್ಕೆ ಠಾಣೆಗಳು ಮುಚ್ಚಿದ್ದೇ ಕಾರಣವೆಂದರೆ ತಪ್ಪಾದೀತು. ಆದರೆ ಹವಾಮಾನವೇ ಬದಲಾಗುತ್ತಿರುವಾಗ ಹಳೆಯ ಲೆಕ್ಕ ನಂಬಲರ್ಹವಲ್ಲ ಎಂಬುದನ್ನು ಆ ದಿನ ತೋರಿಸಿಕೊಟ್ಟಿತು.

ಮಹಾನಗರದ ಈ ಪಾಠ ಮಲೆನಾಡಿಗೆ ಹೆಚ್ಚು ಅನ್ವಯಿಸುತ್ತದೆ. ಗ್ರಾಮೀಣ ಪ್ರದೇಶದಲ್ಲಿ 20 ನಿಮಿಷಗಳೊಳಗೆ ಅಗ್ನಿಶಾಮಕ ವಾಹನ ತಲುಪಬೇಕೆಂಬುದು ಕೇಂದ್ರದ ಸ್ಥಾಯಿ ಅಗ್ನಿ ಸಲಹಾ ಸಮಿತಿಯ ಶಿಫಾರಸು. ತಾಲ್ಲೂಕು ಕೇಂದ್ರದ ಠಾಣೆಯಿಂದ ಹೊರಟ ಭಾರಿ ವಾಹನ ಘಾಟಿಯ ತಿರುವುಗಳನ್ನು ಹತ್ತಿಳಿದು, ಕಿರಿದಾದ ಕಾಲುಸಂಕದ ಈಚೆಯೇ ನಿಲ್ಲಬೇಕಾಗಿ ಬಂದರೆ ಆ 20 ನಿಮಿಷಗಳಿಗೆ ಅರ್ಥವೇ ಇಲ್ಲ. ಅಷ್ಟರಲ್ಲಿ ಹುಲ್ಲಿನ ಬಣವೆ, ಕೊಟ್ಟಿಗೆ, ಅಡಿಕೆ ಒಣಗುವ ಅಟ್ಟ ಎಲ್ಲವೂ ಬೂದಿಯಾಗಿರುತ್ತವೆ. ವಾಹನ ಹೊತ್ತಿಗೆ ಬಾರದೆಂದು ಅರಿತವರು ಕರೆ ಮಾಡುವುದನ್ನೇ ಬಿಟ್ಟು ಕೊಡ ಹಿಡಿದು ಓಡುತ್ತಾರೆ. ಆಗ ದಾಖಲೆಯಲ್ಲಿ ಕರೆಗಳು ಕಡಿಮೆಯಾಗುತ್ತವೆ. ಕಡಿಮೆ ಕರೆಗಳೇ ‘ಇಲ್ಲಿ ಠಾಣೆ ಅನಗತ್ಯ’ ಎಂಬುದಕ್ಕೆ ಪುರಾವೆಯಾಗಿಬಿಡುವ ಅಪಾಯವಿದೆ.

ಅಗ್ನಿಶಾಮಕ ದಳದ ಕೆಲಸ ಬೆಂಕಿಗಷ್ಟೇ ಸೀಮಿತವೂ ಅಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲೆಯಲ್ಲಿ ಸೇತುವೆಯೇ ಕೊಚ್ಚಿಹೋದಾಗ, ಹತ್ತಿರದಲ್ಲಿ ಯಾರಿದ್ದಾರೆ ಎಂಬುದೇ ಜೀವ–ಸಾವಿನ ಪ್ರಶ್ನೆಯಾಯಿತು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ಬಂದವು. ಆದರೆ ಹೆಲಿಕಾಪ್ಟರ್ ಬರುವುದು ಬೆಂಕಿ ಕೈಮೀರಿದ ಮೇಲೆ. ಹಸಿ ಸೊಪ್ಪಿನ ಕೊಂಬೆ ಹಿಡಿದು ಮೊದಲು ಎದುರು ನಿಲ್ಲುವವರು ಅರಣ್ಯ ಕಾವಲುಗಾರರು ಮತ್ತು ಊರಿನವರು.

ರಾಜ್ಯಗಳ ಅಗ್ನಿಶಾಮಕ ಸೇವೆಯನ್ನು ವಿಸ್ತರಿಸಿ ಆಧುನೀಕರಿಸಲು ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿಗಳ ಯೋಜನೆ ಪ್ರಕಟಿಸಿತು. ಆ ಹಣ ನಗರಗಳ ಎತ್ತರದ ಏಣಿಗಳಿಗಷ್ಟೇ ಸಲ್ಲಬಾರದು. ಗುಡ್ಡದ ದಾರಿಯಲ್ಲಿ ಸಾಗಬಲ್ಲ ಚಿಕ್ಕ ವಾಹನಗಳು, ಹೋಬಳಿ ಮಟ್ಟದ ಉಪಠಾಣೆಗಳು, ಬೇಸಿಗೆಯಲ್ಲೂ ಬತ್ತದ ಕೆರೆ–ಹಳ್ಳಗಳ ಪಟ್ಟಿ, ಊರಿನ ಯುವಕರಿಗೆ ತರಬೇತಿ – ಇವು ಮಲೆನಾಡಿನ ನ್ಯಾಯಯುತ ಬೇಡಿಕೆಗಳು.

ಲಂಡನ್ನಿನ ಜನ ಉಳಿಸಿಕೊಂಡದ್ದು ಎರಡೇ ಠಾಣೆ. ಆದರೂ ಹೋರಾಡದಿದ್ದರೆ ಅವೂ ಉಳಿಯುತ್ತಿರಲಿಲ್ಲ. ಮುಚ್ಚುವ ಆದೇಶ ಹೊರಬಿದ್ದ ಮೇಲೆ ಎಚ್ಚೆತ್ತುಕೊಳ್ಳುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಪ್ರತಿ ಗ್ರಾಮ ಪಂಚಾಯಿತಿಯೂ ಇಂದೇ ಕೇಳಬಹುದಾದ ಪ್ರಶ್ನೆಯೊಂದಿದೆ: ತಾಲ್ಲೂಕಿನ ಸರಾಸರಿ ಎಷ್ಟು ಎಂದಲ್ಲ, ಈ ಪಂಚಾಯಿತಿಯ ಕೊನೆಯ ಮನೆಗೆ ವಾಹನ ತಲುಪಲು ಎಷ್ಟು ನಿಮಿಷ ಬೇಕು? ಠಾಣೆ ಬೇಕೇ ಬೇಡವೇ ಎಂಬುದನ್ನು ಆ ಉತ್ತರವೇ ನಿರ್ಧರಿಸಲಿ.